ಮುಳ್ಳಿಲ್ಲದ ಬಾಗಿಲು

ಗೌರಿಬಿದನೂರು
೮ ಆಗಸ್ಟ್ ೨೦೨೪

ಅಣ್ಣ ಪಾಪಯ್ಯನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನೀನು ಗಟ್ಟಿಮುಟ್ಟಾಗಿದ್ದೀಯ ಎಂಬುದನ್ನು ಮೊನ್ನೆ ಮಂಗಳವಾರ ನಿನ್ನ ಗೇಟಿನ ಮುಂದೆ ನಿಂತು ಕಿವಿಯಾರೆ ಕೇಳಿಕೊಂಡು ಬಂದಿದ್ದೇನೆ.

ಜೂನ್ ಮೊದಲಲ್ಲಿ ಚಿಂತಾಮಣಿಯ ಮದುವೆಯೊಂದರಲ್ಲಿ ನಮ್ಮೂರ ಚಿನ್ನಸ್ವಾಮಿ ಸಿಕ್ಕಿದ್ದ. "ನಿಮ್ಮಣ್ಣ ಇಳ್ದೋಗ್ಬುಟ್ಟವ್ನೆ ಕಣ್ಲಾ ಶ್ಯಾಮಾ, ಒಂದ್ಸಲ ಹೋಗಿ ಮಕ ತೋರ್ಸಿ ಬಾ" ಅಂದ. ಅಲ್ಲಿಂದಾಚೆಗೆ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ಮಾತು ಬಿಟ್ಟವನು ಯಾವ ಮುಖ ಹೊತ್ತು ಹೋಗಲಿ ಅಂತ ಒಂದು ಮನಸ್ಸು, ಇನ್ನೆಷ್ಟು ದಿನದ ಬದುಕು ಅಂತ ಇನ್ನೊಂದು. ಅಷ್ಟರಲ್ಲಿ ಆಷಾಢ ಬಂತು, ಕಳೆಯಲಿ ಎಂದು ಕಾದೆ. ಶ್ರಾವಣ ಹುಟ್ಟಿದ ಮಾರನೆಯ ದಿನವೇ ಬಸ್ಸು ಹತ್ತಿದೆ. ಮಾಲಿನಿ "ಒಬ್ಬನೇ ಹೋಗ್ಬೇಡಪ್ಪ, ಕಿವಿ ಬೇರೆ ಕೇಳ್ಸಲ್ಲ ನಿಂಗೆ" ಅಂತ ಗೋಳಾಡಿದಳು. ಅಣ್ಣನ ಮನೆಗೆ ಹೋಗುವುದಕ್ಕೆ ಮಗಳ ಕಾವಲು ಬೇಕಾ ಅಂತ ಗದರಿ ಬಂದೆ. ತಮಿಳುನಾಡಿನ ಗಡಿ ಜೂಜುವಾಡಿಯ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಾಗ, ಇಳಿದು ನಡೆದೇ ಹೋಗಿಬಿಡೋಣವೇ ಅನ್ನಿಸಿತು. ಅಷ್ಟು ಅವಸರ ನನಗೆ.

ಬಾಗಲೂರಿನಿಂದ ಈಚೆಗೆ ಹೊಲಗಳೇ ಕಾಣಲಿಲ್ಲ, ಎಲ್ಲ ಸೈಟು. ನಮ್ಮ ಮನೆಯನ್ನೂ ಮೊದಲು ಗುರುತು ಹಿಡಿಯಲಿಲ್ಲ. ಕಾಂಪೌಂಡಿನ ಮೇಲೆ ಉದ್ದಕ್ಕೂ ಗಾಜಿನ ಚೂರು, ಜಗಲಿಗೆ ಸುತ್ತ ಕಬ್ಬಿಣದ ಗ್ರಿಲ್ಲು. ಕೋಳಿಗೂಡು ಮಾಡಿಕೊಂಡು ಕೂತಿದ್ದೀಯಲ್ಲೋ ಅಂತ ನಗು ಬಂತು. ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ. ತಂತಿಯ ಮೇಲೆ ನಿನ್ನ ಹಸಿರಂಚಿನ ಪಂಚೆ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಲೈಟು. ನಲವತ್ತು ವರ್ಷ ಟಪಾಲು ಹಂಚಿದವನು ನಾನು. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಬಾಗಿಲು ನೋಡಿಯೇ ಹೇಳುತ್ತೇನೆ, ಇವತ್ತಿಗೂ ತಪ್ಪಿಲ್ಲ. ಆದರೂ ಪಕ್ಕದ ಮನೆಯ ಹೆಣ್ಣುಮಗಳನ್ನು ಕೇಳಿದೆ. ಆ ಕಡೆ ಹಾವೇರಿಯವಳಿರಬೇಕು. "ಅಜ್ಜಾರು ಒಳಗ ಮಲಗ್ಯಾರ್ರೀ. ಯಾರೂ ಎಬ್ಬಿಸಬ್ಯಾಡ್ರಿ ಅಂದಾರ" ಅಂತ ಹೇಳಿ ಒಳಕ್ಕೆ ಹೋಗಿಬಿಟ್ಟಳು.

ಎಬ್ಬಿಸಿದೆ. ಗೇಟು ಅಲ್ಲಾಡಿಸಿ "ಅಣ್ಣಾ" ಅಂತ ಕೂಗಿದೆ. ಆಗ ಒಳಗಿನಿಂದ ನೀನು ಅಂದ ಮಾತು ನನ್ನ ಮಂದ ಕಿವಿಗೂ ಚೆನ್ನಾಗಿ ಕೇಳಿಸಿತು. "ಯಾರ್ಲಾ ಅದು? ಹೋಗ್ಲಾ ಆಚೆ! ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಕಾಲು ಮುರ್ದಾಕ್ತೀನಿ." ಗುರುತು ಸಿಗಲಿಲ್ಲವೇನೋ ಅಂದುಕೊಂಡು "ನಾನು ಕಣೋ, ಶ್ಯಾಮ" ಅಂದೆ. ಮತ್ತೆ ಅದೇ ಮಾತು, ಇನ್ನೂ ಜೋರಾಗಿ. ಬೀದಿಯ ಜನ ಎಲ್ಲ ಬಾಗಿಲಿಗೆ ಬಂದು ನೋಡಿದರು. ನಮ್ಮ ಮರದ ಸೀಬೆಹಣ್ಣು ತಂದಿದ್ದೆ. ಅದನ್ನು ಗೇಟಿನ ಬಳಿ ಇಟ್ಟು ಬಂದೆ, ತಿಂದೆಯೋ ಎಸೆದೆಯೋ ಗೊತ್ತಿಲ್ಲ.

ಇಷ್ಟು ದಿನ ಜಗಳ ಇತ್ತು, ಅದು ಬೇರೆ. ಮೊನ್ನೆ ನೀನು ನನ್ನನ್ನು ನಾಯಿಗಿಂತ ಕಡೆ ಮಾಡಿದೆ. ನಿನ್ನ ಸಾವಿಗೆ ನಾನು ಬರುವುದಿಲ್ಲ, ನನ್ನ ಸಾವಿಗೆ ನೀನು ಬರಬೇಡ.

ಹೀಗೆಂದು,
ಒಂದು ಕಾಲದಲ್ಲಿ ನಿನ್ನ ತಮ್ಮನಾಗಿದ್ದ
ಶ್ಯಾಮಣ್ಣ


ಆಲಸನತ್ತಂ, ಹೊಸೂರು
೧೬ ಆಗಸ್ಟ್ ೨೦೨೪

ಪೂಜ್ಯ ಚಿಕ್ಕಪ್ಪನವರಿಗೆ,

ನಿಮ್ಮ ಅಣ್ಣನ ಮಗಳು ನಾಗವೇಣಿಯ ನಮಸ್ಕಾರಗಳು. ಅಪ್ಪನ ಹೆಸರಿಗೆ ಬಂದ ನಿಮ್ಮ ಕಾಗದವನ್ನು ಪಕ್ಕದ ಮನೆಯವಳು ಇಲ್ಲಿಗೆ ಕಳಿಸಿದಳು, ಒಡೆದವಳು ನಾನು. ಹೇಗೆ ಬರೆದರೂ ಒಂದೇ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಅಪ್ಪ ಇಲ್ಲ ಚಿಕ್ಕಪ್ಪ. ಜೂನ್ ಹನ್ನೆರಡನೇ ತಾರೀಕು ತೀರಿಕೊಂಡರು. ನೀವು ಬಂದು ನಿಂತಾಗ ಆ ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಪ್ಪ ಹೋದ ನಕ್ಷತ್ರ ಒಳ್ಳೆಯದಲ್ಲವಂತೆ. ಮೂರು ತಿಂಗಳು ಮನೆ ಬಿಡಬೇಕು ಅಂದರು ಪುರೋಹಿತರು. ಕರ್ಮಾಂತರ ಮುಗಿದದ್ದೇ ಬಾಗಿಲಿಗೆ ಬೀಗ ಹಾಕಿ, ಮುಳ್ಳಿನ ಕೊಂಬೆ ಅಡ್ಡ ಇಟ್ಟು, ಅಮ್ಮ ಮತ್ತು ತಮ್ಮ ಗೋಪಿ ನನ್ನ ಬಾಡಿಗೆ ಮನೆಗೆ ಬಂದರು. ನಿಮಗೆ ಗೊತ್ತಿರುವ ಪದ್ಧತಿಯೇ. ಆದರೆ ಊರು ಈಗ ನಿಮಗೆ ಗೊತ್ತಿದ್ದ ಊರಲ್ಲ. ಸುತ್ತ ಲೇಔಟು, ಯಾರು ಯಾರೋ. ಹಿಂದಿನ ಬೀದಿಯಲ್ಲಿ ಬೀಗ ಹಾಕಿದ್ದ ಎರಡು ಮನೆಗಳನ್ನು ಒಡೆದು ಪಾತ್ರೆಪಗಡಿ ಕೂಡ ಬಿಡದೆ ಸಾಗಿಸಿದರು. ಗೋಪಿ ಹೆದರಿಹೋದ. "ಮುಳ್ಳು ಇಟ್ಟಿದ್ರೆ ಈ ಮನೇಲಿ ಯಾರೂ ಇಲ್ಲ ಅಂತ ಕಳ್ಳಂಗೆ ನಾವೇ ಬೋರ್ಡು ಹಾಕ್ದಂಗೆ ಅಲ್ವಾಕ್ಕ?" ಅಂದ. ಮಾರನೆಯ ದಿನವೇ ಮುಳ್ಳು ತೆಗೆದು ಹಿತ್ತಿಲಿಗೆ ಎಸೆದ.

ಆಮೇಲೆ ಶುರುವಾಯಿತು ನೋಡಿ ಅವನ ಏರ್ಪಾಡು. ಕಾಂಪೌಂಡಿಗೆ ಗಾಜು, ಜಗಲಿಗೆ ಗ್ರಿಲ್ಲು, ಬಾಗಿಲಿಗೆ ಹೊರಗೆ ಕಾಣದ ಒಳಬೀಗ. ಒಳಗೊಂದು ಲೈಟು ಹಗಲೂ ರಾತ್ರಿ ಉರಿಯಬೇಕು. ಅಪ್ಪನ ಚಪ್ಪಲಿ ಮೆಟ್ಟಿಲ ಮೇಲೆ. ಪಕ್ಕದ ಬಾಡಿಗೆಮನೆಯ ಕಲ್ಪನಾ, ಪಾಪ, ಅವಳ ಬಟ್ಟೆ ಒಗೆಯುವಾಗ ಅಪ್ಪನ ಪಂಚೆಯನ್ನೂ ನೀರಲ್ಲಿ ಅದ್ದಿ ನಮ್ಮ ತಂತಿಗೆ ಹಾಕಬೇಕು. ಯಾರು ಕೇಳಿದರೂ ಯಜಮಾನರು ಒಳಗೆ ಮಲಗಿದ್ದಾರೆ ಅನ್ನಬೇಕು. ಅವಳು ಈ ವರ್ಷ ಬಂದವಳು, ನಿಮ್ಮನ್ನು ಹೇಗೆ ಬಲ್ಲಳು? ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಅಮ್ಮ ಮಾತ್ರ ಮೊದಲೇ ಬೈದಿದ್ದಳು. "ಸತ್ತೋನ ಕೈಲೂ ಕಾವ್ಲು ಕಾಯ್ಸ್ತೀಯೇನ್ಲಾ? ಅವ್ನ್ನ ನೆಮ್ದಿಯಾಗಿ ಹೋಗಾಕೆ ಬಿಡ್ಲಾ" ಅಂದಳು. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀವು ಕೇಳಿದ ದನಿ ಗೋಪಿಯದು, ಈಗ ಥೇಟ್ ಅಪ್ಪನದೇ ದನಿ ಅವನಿಗೆ. ಸೂರಿನ ಕೆಳಗೆ ಕ್ಯಾಮೆರಾ ಇದೆ, ಗೇಟಿನ ಬಳಿ ಯಾರಾದರೂ ನಿಂತರೆ ಅವನ ಫೋನಿನಲ್ಲಿ ಕಾಣುತ್ತದೆ. ಅವನು ಫ್ಯಾಕ್ಟರಿಯಲ್ಲಿ ಕೂತು ಮಾತಾಡಿದರೆ ಮನೆಯ ಸ್ಪೀಕರಿನಲ್ಲಿ ಕೇಳಿಸುತ್ತದೆ. ಮೇಲಿನಿಂದ ನಿಮ್ಮ ನೆತ್ತಿ, ಹೆಗಲ ಮೇಲಿನ ಟವೆಲು ಇಷ್ಟೇ ಕಂಡದ್ದು. ಆ ಚಿತ್ರವನ್ನು ಅವನು ಬೀದಿಯವರ ವಾಟ್ಸಾಪ್ ಗುಂಪಿಗೂ ಹಾಕಿ, ಈ ಮನುಷ್ಯ ಕಂಡರೆ ಹುಷಾರು ಅಂತ ಬರೆದ. ನಾನೂ ನೋಡಿದೆ. ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಊರೆಲ್ಲ ಟಪಾಲು ಹಂಚಿದ ಚಿಕ್ಕಪ್ಪ ಅಂತ ನನಗೂ ಹೊಳೆಯಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಆ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. "ಅಯ್ಯೋ, ನಮ್ ಶ್ಯಾಮ ಕಣೇ" ಅಂತ ಹಣೆ ಚಚ್ಚಿಕೊಂಡಳು.

ಅಪ್ಪ ಹೋದ ದಿನ ಚಿಕ್ಕಪ್ಪನಿಗೆ ತಿಳಿಸಿದೆಯಾ ಅಂತ ಗೋಪಿಯನ್ನು ಕೇಳಿದ್ದೆ. ಫೋನ್ ಮಾಡಿದೀನಿ ಅಂದ. ನೀವು ಬರಲಿಲ್ಲವೆಂದು ನಾನು ಎರಡು ತಿಂಗಳು ನಿಮ್ಮನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ, ಕ್ಷಮಿಸಿ.

ಸೆಪ್ಟೆಂಬರ್ ಹದಿಮೂರು, ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವುದು. ಹಿಂದೆಯೇ ಪಿತೃಪಕ್ಷ ಬರುವುದರಿಂದ ಮುಂದಕ್ಕೆ ಹಾಕುವಂತಿಲ್ಲ. ಅಪ್ಪನ ತಲೆಮಾರಿನಲ್ಲಿ ಉಳಿದವರು ನೀವೊಬ್ಬರೇ. "ಶ್ಯಾಮ ಬಂದು ಮೊದ್ಲು ಹೊಸ್ಲು ದಾಟ್ಲಿ. ಇಲ್ದಿದ್ರೆ ನಾನು ಆ ಮನೆಗೆ ಕಾಲಿಡಾಕಿಲ್ಲ" ಅಂತ ಅಮ್ಮ ಹಟ ಹಿಡಿದಿದ್ದಾಳೆ. ಇಲ್ಲಿ ಎರಡನೇ ಮಹಡಿಯ ಕಿಟಕಿಯ ಬಳಿ ದಿನವಿಡೀ ಕೂತಿರುತ್ತಾಳೆ. ಅವಳು ತನ್ನ ಮನೆ ಸೇರಬೇಕಾದರೆ ನೀವು ಬರಬೇಕು ಚಿಕ್ಕಪ್ಪ.

ನಿಮ್ಮ ಮಗಳಂಥ,
ನಾಗವೇಣಿ


ಗೌರಿಬಿದನೂರು
೨೨ ಆಗಸ್ಟ್ ೨೦೨೪

ನಾಗವೇಣಿಗೆ,

ಕಾಗದ ಸೇರಿತು. ನಿಮ್ಮಪ್ಪ ಪಕ್ಕದಲ್ಲಿ ಕೂತು ಬರೆಸಿದನೋ, ಇಲ್ಲ ನೀನೇ ಬುದ್ಧಿ ಓಡಿಸಿದೆಯೋ? ಬೀದಿಯಲ್ಲಿ ಮಾನ ಕಳೆದದ್ದಕ್ಕೆ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಬದುಕಿರುವ ತಂದೆಯನ್ನು ಸಾಯಿಸಬೇಕಿತ್ತೇನೇ?

ನನಗೆ ವಯಸ್ಸಾಗಿದೆ, ಬುದ್ಧಿ ಕೆಟ್ಟಿಲ್ಲ. ನಮ್ಮಪ್ಪ ಸತ್ತಾಗಲೂ ಮನೆ ಬಿಟ್ಟಿದ್ದೆವು. ಜಾಲಿಮುಳ್ಳು ಕಡಿದು ತಂದು ಬಾಗಿಲಿಗೆ ಅಡ್ಡ ಇಟ್ಟವನು ನಾನು, ಅಂಗೈ ತುಂಬ ಗೀರಿತ್ತು. ದೋಷದ ಮನೆಯ ಮುಳ್ಳನ್ನು ನಮ್ಮ ವಂಶದಲ್ಲಿ ಯಾವನಾದರೂ ಕೈಯಾರೆ ಕಿತ್ತು ಎಸೆಯುತ್ತಾನೆಯೇ? ಮುಳ್ಳು ಇದ್ದಿದ್ದರೆ ಬೀದಿಯ ತುದಿಯಲ್ಲೇ ನನ್ನ ಎದೆ ಒಡೆಯುತ್ತಿತ್ತು. ಇರಲಿಲ್ಲ. ಚಪ್ಪಲಿ ಇತ್ತು, ಪಂಚೆ ಒದ್ದೆ ಇತ್ತು, ದನಿಯೂ ಇತ್ತು. ಹುಟ್ಟಿದಾಗಿನಿಂದ ಆ ದನಿಯಲ್ಲಿ ಬೈಸಿಕೊಂಡು ಬೆಳೆದವನಿಗೆ ಅದು ಗೋಪಿಯದು ಅಂತ ಹೇಳಲು ಬರುತ್ತೀಯಾ? ಗೋಪಿ ನನಗೆ ಗೊತ್ತಿರುವಂತೆ ಬಾಯಿಬಿಟ್ಟರೆ ಪಕ್ಕದವನಿಗೆ ಕೇಳಿಸದ ಹುಡುಗ.

ನಿಮ್ಮಪ್ಪನ ಬುದ್ಧಿ ನನಗೆ ಹೊಸದಲ್ಲ. ಆ ಸಲ ಕಳ್ಳರು ನುಗ್ಗಿ ಅವನ ಕೈ ಮುರಿದು, ಇದ್ದಬದ್ದ ಒಡವೆ ದೋಚಿಕೊಂಡು ಹೋದಾಗ ಏನು ಮಾಡಿದ? "ಹಿತ್ಲ ಬಾಗ್ಲ ಚಿಲ್ಕ ಹಾಕ್ದೆ ಬುಟ್ಟೋಳು ಇವ್ಳೇ" ಅಂತ ಪೊಲೀಸರ ಮುಂದೆ, ಊರ ಮುಂದೆ ನನ್ನ ಹೆಂಡತಿಗೆ ಬೆರಳು ತೋರಿಸಿದ. ಆದಿಲಕ್ಷ್ಮಿ ಅಂದು ಸಂಜೆಯೇ ನನ್ನನ್ನೂ ಮಾಲಿನಿಯನ್ನೂ ಹೊರಡಿಸಿಕೊಂಡು ಬಂದಳು. ಸಾಯುವವರೆಗೂ ಮಲಗುವ ಮುಂಚೆ ಎದ್ದೆದ್ದು ಚಿಲಕ ಮುಟ್ಟಿ ನೋಡುತ್ತಿದ್ದಳು ಕಣಮ್ಮ. ಹಾಕಿದ್ದೆ ರೀ, ನಾನು ಹಾಕಿದ್ದೆ ಅನ್ನುತ್ತಿದ್ದಳು. ಅದನ್ನೂ ನುಂಗಿಕೊಂಡು ನಾನು ಬಂದಿದ್ದೆ.

ನಿಮ್ಮಪ್ಪನಿಗೆ ಹೇಳು, ನೂರು ವರ್ಷ ಬದುಕಲಿ. ನನ್ನನ್ನು ಬಿಟ್ಟುಬಿಡಲಿ.

ಶ್ಯಾಮಣ್ಣ


ಆಲಸನತ್ತಂ
೨೯ ಆಗಸ್ಟ್ ೨೦೨೪

ಚಿಕ್ಕಪ್ಪ,

ಇಂಥ ವಿಷಯದಲ್ಲಿ ಯಾವ ಮಗಳಾದರೂ ಸುಳ್ಳು ಬರೆಯುತ್ತಾಳೆಯೇ? ಅಪ್ಪ ಸತ್ತಿದ್ದಾರೆ ಅಂತ ಇನ್ನೊಬ್ಬರನ್ನು ಒಪ್ಪಿಸಬೇಕಾದ ಗತಿ ಯಾವ ಶತ್ರುವಿಗೂ ಬೇಡ. ದಾಖಲೆ ಕಳಿಸೋಣ ಅಂದರೆ ಅಮ್ಮ ಬಿಡಲಿಲ್ಲ. "ಒಡಹುಟ್ಟಿದೋನಿಗೆ ಕಾಗ್ದ ತೋರ್ಸಿ ಸಾವು ಒಪ್ಸ್ಬೇಕಾ? ಬ್ಯಾಡ" ಅಂದಳು. ನಿಮ್ಮ ಉತ್ತರ ಓದಿ ಹೇಳಿದಾಗಿನಿಂದ ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದಾಳೆ. ಗೋಪಿ ತಾನೇ ಬರೆಯುತ್ತೇನೆ ಅಂದಿದ್ದಾನೆ.

ನಾಗವೇಣಿ


ಆಲಸನತ್ತಂ
೨ ಸೆಪ್ಟೆಂಬರ್ ೨೦೨೪

ಚಿಕ್ಕಪ್ಪನಿಗೆ ಗೋಪಿನಾಥ್ ಮಾಡುವ ನಮಸ್ಕಾರ.

ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ನೀವೇ ಜಗಲಿಯ ಮೇಲೆ ಕೂರಿಸಿ ತಿದ್ದಿಸಿದ್ದು. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ಬೈದದ್ದು ನಾನು. ಅವತ್ತು ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆ. ಕೆಲಸದ ಲೈನಿನಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ, ಬ್ರೇಕಿನಲ್ಲಿ ತೆಗೆದು ನೋಡಿದರೆ ಗೇಟಿನ ಹತ್ತಿರ ಯಾರೋ ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದಾರೆ. ಸುತ್ತ ತಟ್ಟೆಗಳ ಸದ್ದು, ನೀವು ಏನು ಹೇಳಿದಿರೋ ಒಂದೂ ಕೇಳಿಸಲಿಲ್ಲ. ಎರಡು ಸಲ ಬೈದೆ. ನೀವು ಹೋದ ಮೇಲೆ ಗೆದ್ದವನ ಹಾಗೆ ಜೊತೆಗಾರರಿಗೆ ತೋರಿಸಿದೆ. ಯಾವುದೋ ಚೀಲ ಇಟ್ಟು ಹೋಗಿದ್ದಾರೆ, ಮುಟ್ಟಬೇಡಿ ಅಂತ ಕಲ್ಪನಾ ಅಕ್ಕನಿಗೆ ಹೇಳಿದೆ. ಅವರು ಕೋಲಿನಿಂದ ಮೋರಿಗೆ ತಳ್ಳಿದರಂತೆ.

ಅಪ್ಪ ಹೋದ ದಿನ ನಿಮಗೆ ಫೋನ್ ಮಾಡಲಿಲ್ಲ. ಮಾಡಿದೆ ಅಂತ ಅಕ್ಕನಿಗೆ ಹೇಳಿದ್ದು ಸುಳ್ಳು. ಇದ್ದಾಗ ಬಾರದವರು ಸತ್ತ ಮೇಲೆ ಯಾಕೆ ಅಂತ ನನಗೆ ರೋಷ ಇತ್ತು. ಕಳ್ಳರು ಬಂದು ಅಪ್ಪನ ಕೈ ಮುರಿದದ್ದನ್ನು ಕಣ್ಣಾರೆ ನೋಡಿದವನು ನಾನು. ಅಲ್ಲಿಂದ ಈಚೆಗೆ ಯಾರು ಬಾಗಿಲು ಬಡಿದರೂ ನನಗೆ ಮೈ ಬೆವರುತ್ತದೆ. ಅದಕ್ಕೇ ಇಷ್ಟೆಲ್ಲ ಮಾಡಿದೆ. ಕಳ್ಳ ಯಾವನೂ ಬರಲಿಲ್ಲ. ಬಂದವರು ನೀವೊಬ್ಬರೇ.

ಇನ್ನೊಂದು ಮಾತು. ಅಪ್ಪ ಕೊನೆಯ ವಾರ ಹಾಸಿಗೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಚಮಚ ಸರಿಸಿ ಹೇಳಿದರು. "ಅವ್ಳು ಚಿಲ್ಕ ಹಾಕಿದ್ಲು ಕಣ್ಲಾ ಗೋಪಿ. ಹಂಚು ತೆಗ್ದು ಒಳೀಕ್ ಇಳ್ದೋರು ಅವ್ರು. ಹಂಚು ಸರ್ದಿದ್ದನ್ನ ಬೆಳಿಗ್ಗೇನೇ ನೋಡಿದ್ದೆ. ಅಂದ್ಬುಟ್ಟಿದ್ದೆ, ಆಮ್ಯಾಕ್ ಹೆಂಗ್ ತಿರುಗ್ಸ್ಕಳ್ಳಾದು? ನಂದೇ ತಪ್ಪು. ಶ್ಯಾಮಂಗೆ ಹೇಳು." ನಾನು ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅಮ್ಮನಿಗಾಗಿ ಬನ್ನಿ. ನನ್ನ ಮುಖ ನೋಡಬೇಡಿ ಬೇಕಾದರೆ, ನಾನು ಆಚೆ ನಿಂತಿರುತ್ತೇನೆ.

ಇಂತಿ,
ಗೋಪಿನಾಥ್


ಗೌರಿಬಿದನೂರು
೮ ಸೆಪ್ಟೆಂಬರ್ ೨೦೨೪

ಮಗಳೇ ನಾಗು,

ಗೋಪಿಯ ಕಾಗದ ಗುರುವಾರ ಬಂತು. ಅರ್ಧದವರೆಗೂ ನಾನು ನಂಬಲಿಲ್ಲ. ಕ್ಯಾಮೆರಾ, ಕ್ಯಾಂಟೀನು, ಚೀಲ, ಇದೆಲ್ಲ ನಿನ್ನ ಕಥೆಯನ್ನೇ ಅವನೂ ಬೆಳೆಸುತ್ತಿದ್ದಾನೆ ಅಂದುಕೊಂಡೆ. ಆಮೇಲೆ "ನಂದೇ ತಪ್ಪು" ಅನ್ನುವಲ್ಲಿಗೆ ಬಂದೆ.

ನಮ್ಮಣ್ಣ ಹುಟ್ಟಿದಾಗಿನಿಂದ ಆ ಮಾತು ಆಡಿದವನಲ್ಲ. ನಮ್ಮವ್ವ ಕೋಲು ಹಿಡಿದು ನಿಂತರೂ ಆಡಲಿಲ್ಲ. ಏಳುವ ಭರವಸೆ ಒಂದು ಚೂರು ಇದ್ದಿದ್ದರೂ ಆಡುತ್ತಿರಲಿಲ್ಲ. ಓದಿದ ತಕ್ಷಣ ಗೊತ್ತಾಯಿತು, ಅಣ್ಣ ಸತ್ತಿದ್ದಾನೆ. ಅಲ್ಲಿಯೇ ಬಾಯಿ ಬಡಿದುಕೊಂಡು ಅತ್ತೆ. ಮಾಲಿನಿ ಓಡಿ ಬಂದಳು. ಅವಳ ಅಮ್ಮನ ವಿಷಯ ಅವಳೇ ಓದಲಿ ಅಂತ ಕಾಗದ ಕೈಗೆ ಕೊಟ್ಟೆ. ಆದಿಲಕ್ಷ್ಮಿ ಇದ್ದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದಳು.

ನಿನಗೆ ವಿಚಿತ್ರ ಅನ್ನಿಸಬಹುದು. ಗೇಟಿನಿಂದ ಬೈಸಿಕೊಂಡು ಬಂದ ಮೇಲೆ ದಿನಾ ಎದ್ದರೆ ಅವನಿಗೆ ಬೈಗುಳ, ಮಲಗಿದರೆ ಬೈಗುಳ. ಮಾಲಿನಿಗೆ ತಲೆ ಚಿಟ್ಟು ಹಿಡಿದಿತ್ತು. ಈಗ ಅನ್ನಿಸುತ್ತದೆ, ಅದು ಅವನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಕಾಲು ಮುರಿಯಲಿ, ಗೇಟು ತೆಗೆಯದೆ ಇರಲಿ, ಒಳಗೆ ಇದ್ದಿದ್ದರೆ ಸಾಕಾಗಿತ್ತು. ಗೋಪಿಯ ಮೇಲೆ ನನಗೆ ಕೋಪವಿಲ್ಲ. ಹೆದರಿದ ಹುಡುಗ ಅವನು. ಆಚೆ ನಿಲ್ಲುವುದು ಬೇಡ ಅಂತ ಹೇಳು.

ಶುಕ್ರವಾರಕ್ಕೆ ನಾನು ಬರಲಾರೆ ಕಣಮ್ಮ. ಸಾವಿನ ಸುದ್ದಿ ಕೇಳಿದ ದಿನದಿಂದ ಹತ್ತು ದಿನ ಸೂತಕ. ನಾನು ಕೇಳಿದ್ದು ಮೊನ್ನೆ. ಇಲ್ಲಿನ ಪುರೋಹಿತರು "ಮೂರು ತಿಂಗಳಾಗಿದೆಯಲ್ಲ ಯಜಮಾನ್ರೇ, ಸ್ನಾನ ಮಾಡಿದರೆ ಕಳೀತು, ಹೋಗಿಬನ್ನಿ" ಅಂದರು. ಒಡಹುಟ್ಟಿದವನನ್ನು ಎರಡು ಚೊಂಬು ನೀರಿನಲ್ಲಿ ಕಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ತಲೆ ಬೋಳಿಸಿಕೊಂಡಿದ್ದೇನೆ. ಬೀದಿಯಲ್ಲಿ ಗಣೇಶನ ಮೈಕು ಹಾಕಿದ್ದಾರೆ, ನಮ್ಮ ಮನೆಯ ಬಾಗಿಲು ಅರ್ಧ ಮುಚ್ಚಿದೆ. ಮೈಲಿಗೆಯವನು ಬಂದು ಹೊಸ್ತಿಲು ದಾಟಿದರೆ ನಿಮ್ಮ ಮೂರು ತಿಂಗಳ ವನವಾಸ ನೀರಿನಲ್ಲಿ ಹೋಮ ಮಾಡಿದಂತೆ.

ಅತ್ತಿಗೆಗೆ ಇದನ್ನು ಓದಿ ಹೇಳು. ಹಟ ಮಾಡಬೇಡಿ, ಶುಕ್ರವಾರ ಗೋಪಿಯ ಕೈಯಲ್ಲಿ ಬಾಗಿಲು ತೆಗೆಸಿ ಒಳಗೆ ಹೋಗಿ ಅನ್ನು. ಶ್ಯಾಮ ಸಿಟ್ಟಿನಿಂದ ಬಾರದೆ ನಿಂತಿದ್ದಲ್ಲ ಅನ್ನು. ಜೂನ್ ತಿಂಗಳಲ್ಲಿ ನೀವೆಲ್ಲ ಮಾಡಿ ಮುಗಿಸಿದ್ದನ್ನು ನಾನು ಇಲ್ಲಿ ಈಗ ಶುರು ಮಾಡಿದ್ದೇನೆ. ನನ್ನ ಅಣ್ಣ ಸತ್ತು ಇವತ್ತಿಗೆ ಮೂರು ದಿನ.

ನಿನ್ನ ಚಿಕ್ಕಪ್ಪ,
ಶ್ಯಾಮಣ್ಣ